ನಾಲ್ಕನೇ ನಂಬರಿನ ದನಿ

ಜೂನ್ ೩

ಪ್ರೀತಿಯ ಅಮ್ಮ,

ನಮ್ಮವರ ಬಸ್ಸು ನಿನ್ನ ಬೀದಿಗೇ ಬರುತ್ತಿದೆ! ಬೇರೆ ಊರಿಗಲ್ಲ, ಬೇರೆ ರೂಟಿಗಲ್ಲ, ನೀನು ದಿನವೂ ಆಸ್ಪತ್ರೆಗೆ ನಡೆದು ಹೋಗುವ ದಾರಿಯ ನಾಲ್ಕನೇ ನಂಬರಿಗೆ. ಆರು ಕರೆಂಟ್ ಬಸ್ಸು, ಜುಲೈ ಒಂದರಿಂದ. ನಿನ್ನೆ ಸಂಜೆ ಇವರು ವರ್ಕ್‌ಶಾಪಿನಿಂದ ಬಂದವರು ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದರು. ನಾನು ಕೈಯಲ್ಲಿದ್ದ ಸೌಟಿನ ಸಮೇತ ಕುಣಿದೆ. ಗೋಡೆಗೆಲ್ಲ ಸಾರು. ಬಾಡಿಗೆ ಮನೆಯ ಗೋಡೆ, ಹೋಗಲಿ ಬಿಡು.

ಟೈಲರ್ ಮಾಮ, ಇದನ್ನು ಓದಿ ಹೇಳುತ್ತಿರುವ ನಿಮಗೂ ನಮಸ್ಕಾರ. ಮುಂದಿನ ಒಂದು ಸಾಲನ್ನು ಮಾತ್ರ ಕೆಮ್ಮದೆ ಓದಿ. ಅಮ್ಮ, ಮದುವೆಯಾಗಿ ಹತ್ತು ವಾರವಾಯಿತು, ಇವರ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸಿದರೆ ಈಗಲೂ ನನ್ನ ಎದೆ ಡವಡವ ಎನ್ನುತ್ತದೆ. ಆಯಿತು ಮಾಮ, ಈಗ ಕೆಮ್ಮಬಹುದು.

ಇವರ ಕೆಲಸ ಏನೆಂದು ನೀನು ಮದುವೆಯ ದಿನ ಕೇಳಿದ್ದೆ, ನಾನು ಸರಿಯಾಗಿ ಹೇಳಿರಲಿಲ್ಲ. ಬಸ್ಸಿನೊಳಗೆ ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕಿ ಅದನ್ನು ಅಡಗಿಸುವುದು. ಕಿಟಕಿ ಗಾಜಿನ ಗಡಗಡ, ಸೀಟಿನ ಕಿರುಕಿರು, ಚಕ್ರದ ಗುರ್ರ್. ವರ್ಕ್‌ಶಾಪಿನಲ್ಲಿ ಎಲ್ಲರೂ ಇವರನ್ನು ಕಿವಿ ಎಂದೇ ಕರೆಯುವುದು. ‘ಕಿವಿ ಊಟಕ್ಕೆ ಹೋಗಿದೆ’, ‘ಕಿವಿಗೆ ಹೇಳಿದೆಯಾ’ ಅಂತ. ನಿನ್ನ ಮಗಳಿಗೆ ಬೇಕಾದದ್ದೂ ಒಂದು ಕಿವಿಯೇ ತಾನೆ? ಇಷ್ಟು ಮಾತಾಡುವವಳಿಗೆ ಕೇಳುವವರು ಬೇಡವೇ?

ಈ ಬಸ್ಸು ಇವರ ಕೈಯಲ್ಲಿ ಎಷ್ಟು ಸದ್ದಿಲ್ಲದ್ದಾಗಿದೆ ಎಂದರೆ, ಪಕ್ಕದಲ್ಲಿ ಹೋದರೂ ಗೊತ್ತಾಗದು. ನಿಧಾನ ಹೋಗುವಾಗ ಹೊರಗೆ ಕೇಳಿಸಲೆಂದು ಸಣ್ಣಗೆ ಗುಂಯ್ ಎನ್ನುವ ಪೆಟ್ಟಿಗೆಯೊಂದಿತ್ತಂತೆ. ಆಸ್ಪತ್ರೆ ರಸ್ತೆ, ರೋಗಿಗಳು ಮಲಗಿರುತ್ತಾರೆ, ಅದೂ ಬೇಡವೆಂದು ಬಸ್ ಆಫೀಸಿನವರು ಹೇಳಿದರು. ಇವರು ಅದನ್ನೂ ಆರಿಸಿದರು.

ಅಮ್ಮ, ಇಪ್ಪತ್ತು ವರ್ಷ ಆ ರಸ್ತೆಯ ಡೀಸೆಲ್ ಹೊಗೆ ಕುಡಿದೂ ಕುಡಿದೂ ನಿನ್ನ ಕೆಮ್ಮು ಹೋಗಲೇ ಇಲ್ಲ. ಇನ್ನು ಹೊಗೆಯೇ ಇರುವುದಿಲ್ಲ. ನಿನಗೆ ಕಣ್ಣು ಕಾಣದಿದ್ದರೇನು, ಒಳ್ಳೆಯ ಗಾಳಿ ಮೂಗಿಗೆ ಗೊತ್ತಾಗುತ್ತದಲ್ಲ. ಇದು ನಿನ್ನ ಅಳಿಯ ಕೊಡುವ ಮೊದಲ ಉಡುಗೊರೆ ಎಂದುಕೋ.

ಸಂತೋಷ ಹೆಚ್ಚಾಗಿ ಸೌಟನ್ನಿನ್ನೂ ಕೆಳಗಿಡದ
ನಿನ್ನ ಗಿಣಿ


ಜೂನ್ ೧೪

ಗಿಣಿಗೆ ಅಮ್ಮನ ಆಶೀರ್ವಾದ.

ಪತ್ರ ಬಂತು. ಟೈಲರ್ ಎರಡು ಸಲ ಓದಿದರು. ಆ ಸಾಲಿಗೆ ಕೆಮ್ಮಲಿಲ್ಲ, ಎದ್ದು ಹೋಗಿ ನೀರು ಕುಡಿದು ಬಂದರು.

ಫೋನು ಯಾಕೆ ಎತ್ತುವುದಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಎಂಟು ಗಂಟೆ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತು ಊರಿನವರ ಹಲೋ ಕೇಳುತ್ತೇನೆ. ಮನೆಗೆ ಬಂದ ಮೇಲೆ ಕಿವಿಗೆ ರಜೆ. ಪತ್ರವಾದರೆ ಇನ್ನೊಮ್ಮೆ ಓದಿಸಿಕೊಳ್ಳಬಹುದು. ನನಗೆ ಬರೆಯಲೂ ಇದೇ ಸುಖ. ಬ್ರೈಲಿನ ಚುಕ್ಕಿ ಅಕ್ಷರ ನನ್ನ ಬೆರಳಿಗೆ ಹತ್ತಲಿಲ್ಲ, ಆದರೆ ಕಣ್ಣಿದ್ದಾಗ ಕಲಿತ ಈ ಟೈಪ್ ಮಿಷನ್ನು ಮಾತ್ರ ಕೈಬಿಟ್ಟಿಲ್ಲ. ಟೈಪು ಮಾಡಿ, ಮಡಿಸಿ, ಅಂಟಿಸಿ ಕೊಡುತ್ತೇನೆ. ಮೇಲಿನ ವಿಳಾಸ ಮಾತ್ರ ಟೈಲರ್ ಬರೆಯುತ್ತಾರೆ. ಒಳಗೇನಿದೆ ಎಂದು ಅವರಿಗೆ ತಿಳಿಯುವುದಿಲ್ಲ, ಅದೊಂದೇ ಅವರ ದುಃಖ.

ಅಳಿಯಂದಿರ ಬಸ್ಸು ಎಂದು ಇಡೀ ಆಸ್ಪತ್ರೆಗೆ ಹೇಳಿದ್ದೇನೆ. ಬೋರ್ಡಿನಲ್ಲಿ ಕುಳಿತವಳಿಗೆ ಇದಕ್ಕೆ ಅರ್ಧ ಗಂಟೆ ಸಾಕು. ಅವರಿಗೆ ಹೇಳು, ಅವರ ಅತ್ತೆಗೆ ಹೆಮ್ಮೆಯಾಗಿದೆ.

ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸು. ಸಾರಿನ ಕಲೆ ಒಣಗಿದರೆ ಹೋಗುವುದಿಲ್ಲ.

ಅಮ್ಮ


ಜುಲೈ ೧೦

ಪ್ರೀತಿಯ ಅಮ್ಮ,

ಬಸ್ಸು ಓಡಲು ಶುರುವಾಗಿ ಹತ್ತು ದಿನವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಇವರು ದಿನಾ ಸಂಜೆ ‘ಅತ್ತೆಯವರ ಪತ್ರ ಬಂತಾ?’ ಎಂದು ಕೇಳುತ್ತಾರೆ. ಕೇಳಿ ಕೇಳಿ ನಾಚಿಕೆಯಾಗಿ, ಈಗ ಬರೀ ಪತ್ರದ ಡಬ್ಬಿಯ ಕಡೆ ನೋಡಿ ನನ್ನ ಮುಖ ನೋಡುತ್ತಾರೆ. ಮೊದಲ ಬಸ್ಸು ಅಮ್ಮ. ಒಬ್ಬ ಹೆಂಗಸು ಮೊದಲ ಮಗುವನ್ನು ಸ್ಕೂಲಿಗೆ ಕಳಿಸಿ ಬಾಗಿಲಲ್ಲಿ ನಿಂತ ಹಾಗೆ ನಿಂತಿದ್ದಾರೆ.

ಹೇಳು, ಹೇಗಿದೆ? ಸದ್ದು ಕೇಳಿಸುತ್ತದಾ? ನಿನ್ನ ಕಿವಿ ಊರಿಗೇ ಗೊತ್ತು. ನಿನಗೂ ಕೇಳಿಸಲಿಲ್ಲ ಎಂದರೆ ತನಗೆ ಪ್ರಮೋಷನ್ನೇ ಸಿಕ್ಕಿದ ಹಾಗೆ ಎನ್ನುತ್ತಾರೆ. ಅವರ ದೊಡ್ಡ ಸಾಹೇಬರು ಇವರ ಬೆನ್ನು ತಟ್ಟಿದರಂತೆ, ಇನ್ನೂ ನಾಲ್ಕು ಊರಿಗೆ ಇದೇ ತರಹದ ಬಸ್ಸು ಹೋಗುತ್ತದಂತೆ.

ನನ್ನ ಸುದ್ದಿ: ನಾವು ಕರೆಂಟ್ ಸ್ಕೂಟರ್ ತಗೊಂಡೆವು. ಅಡುಗೆಮನೆ ಕಿಟಕಿಯಿಂದ ವೈರು ಇಳಿಸಿ ಚಾರ್ಜು ಮಾಡುತ್ತೇವೆ. ಮೇಲಿನ ಮನೆಯ ಅಜ್ಜಿ ಕೆಳಗೆ ಬಗ್ಗಿ, ‘ಏನೇ, ಗಾಡಿಗೆ ಗ್ಲೂಕೋಸ್ ಹಾಕ್ತಿದೀಯಾ?’ ಎಂದರು. ನಕ್ಕು ನಕ್ಕು ಸುಸ್ತು.

ಬೇಗ ಬರಿ. ಕೆಮ್ಮು ಕಡಿಮೆಯಾಯಿತಾ?

ಗಿಣಿ


ಜುಲೈ ೧೯

ಮಗಳೇ,

ಇದು ಟೈಲರ್ ಮಾಮ ಬರೆಯುತ್ತಿರುವುದು. ನಿಮ್ಮ ತಾಯಿಯವರು ಹುಷಾರಾಗಿದ್ದಾರೆ, ಕೆಲಸಕ್ಕೆ ಹೋಗಿ ಬರುತ್ತಿದ್ದಾರೆ, ಹಾಗೆಂದು ಬರೆಯಲು ಹೇಳಿದರು. ಕೆಲಸ ಹೆಚ್ಚು, ಆಮೇಲೆ ಬರೆಯುತ್ತಾರಂತೆ. ಕೆಮ್ಮು ನಿಜವಾಗಿಯೂ ಕಡಿಮೆಯಾಗಿದೆ.

ಇಷ್ಟೇ ಬರೆಯಲು ಹೇಳಿದ್ದು. ಆದರೆ ಒಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವರ ನೀಲಿ ಕೋಟಿನ ಎಡತೋಳು ಭುಜದಿಂದ ಮೊಣಕೈವರೆಗೆ ಹರಿದಿತ್ತು. ಅದನ್ನು ನಾನು ಎಳೆ ಎಳೆ ಕೂಡಿಸಿ ರಫು ಮಾಡಿದ್ದೇನೆ. ಕಣ್ಣಿದ್ದವರೂ ಹುಡುಕಿ ತೋರಿಸಲಾರರು. ಮೂವತ್ತು ವರ್ಷದಲ್ಲಿ ಇಂಥ ರಫು ಮಾಡಿರಲಿಲ್ಲ.

ಮನೆ ಗುಡಿಸಿ ಒರೆಸುವಾಗ ಟೈಪ್ ಮಿಷನ್ನಿನ ಧೂಳನ್ನೂ ಒರೆಸಿಟ್ಟಿದ್ದೇನೆ. ಅಳಿಯಂದಿರಿಗೆ ನಮಸ್ಕಾರ.

ಟೈಲರ್ ಮಾಮ


ಆಗಸ್ಟ್ ೧

ಅಮ್ಮಾ, ಅಮ್ಮಾ, ಅಮ್ಮಾ,

ನಿನ್ನ ಪತ್ರ ಬಂತು, ಆದರೆ ಪತ್ರದಲ್ಲಿ ಪತ್ರವೇ ಇಲ್ಲ! ಲಕೋಟೆ ಬಿಚ್ಚಿದರೆ ಒಂದು ಬಿಳಿ ಹಾಳೆ. ಹಿಂದೆ ತಿರುಗಿಸಿದೆ, ಬಿಳಿ. ದೀಪಕ್ಕೆ ಹಿಡಿದೆ, ಬಿಳಿ. ಇವರು ಮೊದಲು ಗಾಬರಿಯಾದರು, ಅತ್ತೆಯವರಿಗೆ ಬಸ್ಸು ಹಿಡಿಸಲಿಲ್ಲ, ಹೇಳಲು ಮಾತೇ ಇಲ್ಲ ಎಂದು ಬರೀ ಹಾಳೆ ಕಳಿಸಿದ್ದಾರೆ ಎಂದು. ಆಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕು ಕಾರಣ ಹೇಳಿದೆ. ಮಿಷನ್ನಿನ ಪಕ್ಕದಲ್ಲಿ ರಿಬ್ಬನ್ನಿನ ಸಣ್ಣ ಗುಂಡಿಯಿದೆಯಲ್ಲ, ಕಪ್ಪು, ಬಿಳಿ, ಕೆಂಪು ಚುಕ್ಕಿಯದು. ನಾನು ಚಿಕ್ಕವಳಿದ್ದಾಗ ಅದನ್ನು ಬಿಳಿಗೆ ತಳ್ಳಿ ಏಟು ತಿಂದಿದ್ದೆ. ಬಿಳಿಗೆ ಬಂದರೆ ರಿಬ್ಬನ್ ಮೇಲೇಳುವುದೇ ಇಲ್ಲ. ಟೈಲರ್ ಮಾಮ, ಧೂಳು ಒರೆಸುವಾಗ ನೀವೇ ತಳ್ಳಿದ್ದೀರಿ. ತಪ್ಪೊಪ್ಪಿಕೊಳ್ಳಿ.

ನೀನು ಪಾಪ ಒಂದು ಗಂಟೆ ಕುಳಿತು ಕುಟ್ಟಿರುತ್ತೀ. ಏನು ಬರೆದಿದ್ದೆ? ಇನ್ನೊಮ್ಮೆ ಬರಿ, ಬಸ್ಸಿನ ವಿಷಯ ಮೊದಲು. ಹಾಳೆಯನ್ನು ಬಿಸಾಡಿಲ್ಲ, ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ. ಒಳ್ಳೆಯ ಕಾಗದ.

ಕೋಟಿನ ತೋಳು ಯಾವ ಬಾಗಿಲಿಗೆ ಸಿಕ್ಕಿಸಿಕೊಂಡೆ? ಔಷಧಿ ಕೋಣೆಯದಕ್ಕೇ ಇರಬೇಕು. ಅದರ ಚಿಲಕ ಮೊದಲಿನಿಂದಲೂ ಹಾಗೇ.

ನಕ್ಕು ಸುಸ್ತಾದ
ಗಿಣಿ


ಆಗಸ್ಟ್ ೧೧

ಗಿಣಿಗೆ ಆಶೀರ್ವಾದ.

ಗುಂಡಿಯನ್ನು ಒಂದು ಹೆಜ್ಜೆ ಸರಿಸಿದ್ದೇನೆ. ಈಗ ಅಕ್ಷರ ಮೂಡಿರಬೇಕು.

ಆ ಹಾಳೆಯಲ್ಲಿ ವಿಶೇಷವೇನೂ ಇರಲಿಲ್ಲ. ಬಿಸಾಡು.

ಬಸ್ಸು ಚೆನ್ನಾಗಿದೆ. ಅದಕ್ಕೆ ಸದ್ದಿಲ್ಲ. ಅಳಿಯಂದಿರಿಗೆ ಹೇಳು. ರಸ್ತೆಯ ಗಾಳಿ ಬಹಳ ಸುಧಾರಿಸಿದೆ. ಬೇಕರಿ ಎಲ್ಲಿ ಮುಗಿಯಿತು, ಔಷಧಿ ಅಂಗಡಿ ಎಲ್ಲಿ ಶುರುವಾಯಿತು ಎಂದು ಈಗ ಮೂಗಿಗೇ ತಿಳಿಯುತ್ತದೆ.

ತೋಳು ಬಾಗಿಲಿಗೆ ಸಿಕ್ಕಿತು. ನೀನು ಹೇಳಿದ ಬಾಗಿಲೇ.

ಇನ್ನೊಂದು ಮಾತು. ಕೆಲಸ ಸಾಕೆನ್ನಿಸುತ್ತಿದೆ. ಆಸ್ಪತ್ರೆಗೆ ಕರೆಗಳನ್ನು ತಾನೇ ತಿರುಗಿಸುವ ಯಂತ್ರ ಬರುತ್ತದಂತೆ. ನಾನು ಬಯಸಿದರೆ ಈಗಲೇ ನಿವೃತ್ತಿ ಕೊಡುತ್ತಾರೆ. ಕಾಗದ ಮೇಜಿನ ಮೇಲಿದೆ, ಸೆಪ್ಟೆಂಬರ್ ಹದಿನೈದರೊಳಗೆ ಸಹಿ ಮಾಡಬೇಕು. ವಯಸ್ಸಾಯಿತು. ಮನೆಯಲ್ಲಿ ಕುಳಿತು ನಿನ್ನ ಪತ್ರ ಕೇಳುತ್ತಿರುತ್ತೇನೆ.

ಅಮ್ಮ


ಆಗಸ್ಟ್ ೨೭

ಅಮ್ಮ,

ಟೈಲರ್ ಮಾಮ, ಮೊದಲು ಅಂಗಡಿಯ ಬಾಗಿಲು ಹಾಕಿಕೊಳ್ಳಿ. ಇದನ್ನು ಗಿರಾಕಿಗಳ ನಡುವೆ ಓದಬೇಡಿ. ನಿಧಾನವಾಗಿ ಓದಿ.

ಅಮ್ಮ, ನಿನ್ನ ಪತ್ರ ಪೂರ್ತಿ ಕೆಂಪು ಅಕ್ಷರದಲ್ಲಿ ಬಂದಿತ್ತು. ಗುಂಡಿಯನ್ನು ಕಪ್ಪಿನ ಕಡೆ ಸರಿಸುವ ಬದಲು ಕೆಂಪಿನ ಕಡೆ ಸರಿಸಿದ್ದೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ‘ವಯಸ್ಸಾಯಿತು’ ಎನ್ನುವ ಮಾತು ಕೆಂಪಿನಲ್ಲಿ ಕಂಡಾಗ ನಗು ಬರಲಿಲ್ಲ. ನಿನಗೆ ಐವತ್ತೆರಡು. ಯಂತ್ರ ಬರುವ ಮಾತು ನಾನು ಐದನೇ ಕ್ಲಾಸಿನಲ್ಲಿದ್ದಾಗಿನಿಂದ ಇದೆ. ‘ಬರಲಿ, ಅದಕ್ಕೆ ಅಳುವವರ ದನಿ ಗೊತ್ತಾಗತ್ತಾ ನೋಡೋಣ’ ಎಂದವಳು ನೀನು.

ಹತ್ತು ದಿನದ ಹಿಂದೆ, ಭಾನುವಾರ, ಸಾಮಾನಿನ ಪಟ್ಟಿ ಬರೆಯಲು ಫ್ರಿಜ್ಜಿನ ಮೇಲಿದ್ದ ನಿನ್ನ ಬಿಳಿ ಹಾಳೆ ತೆಗೆದುಕೊಂಡೆ. ಪೆನ್ಸಿಲ್ ಮೊಂಡಾಗಿತ್ತು. ಹಾಳೆಯ ಮೂಲೆಯಲ್ಲಿ ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದೆ. ಬೂದು ಬಣ್ಣದ ನಡುವೆ ಬಿಳಿಯಾಗಿ ‘ಅಳಿಯಂದಿರಿಗೆ’ ಎಂದು ಎದ್ದಿತು. ರಿಬ್ಬನ್ ಇಲ್ಲದಿದ್ದರೂ ಅಚ್ಚು ಕಾಗದವನ್ನು ಒತ್ತಿತ್ತು. ಅಡುಗೆಮನೆಯ ನೆಲದ ಮೇಲೆ ಕುಳಿತು ಪೂರ್ತಿ ಹಾಳೆ ಉಜ್ಜಿದೆ. ನೀನು ಬರೆದದ್ದನ್ನು ನಿನಗೇ ಓದಿ ಹೇಳಿಸುತ್ತಿದ್ದೇನೆ, ನಾನು ಓದಿದ್ದೇನೆ ಎಂದು ನಿನಗೆ ಗೊತ್ತಾಗಲಿ:

‘ಗಿಣಿ, ಇದನ್ನು ಈಗಲೇ ಅಳಿಯಂದಿರಿಗೆ ತೋರಿಸಬೇಡ. ಒಂಬತ್ತನೇ ತಾರೀಕು ಸಂಜೆ ಆಸ್ಪತ್ರೆ ಗೇಟಿನ ಮುಂದೆ ನಿಂತು ಕೇಳಿದೆ. ಬಲಕ್ಕೆ ಏನೂ ಇಲ್ಲ, ಎಡಕ್ಕೆ ಏನೂ ಇಲ್ಲ. ರಸ್ತೆಗೆ ಇಳಿದೆ. ಗಾಳಿ ಮುಖಕ್ಕೆ ಹೊಡೆದ ಮೇಲೆ ಗೊತ್ತಾಯಿತು. ಬಸ್ಸಿನ ಕನ್ನಡಿಯ ಕಂಬಿಗೆ ಸಿಕ್ಕಿ ತೋಳು ಹರಿಯಿತು, ಕೋಲು ಚಕ್ರದಡಿ ಮುರಿಯಿತು, ನನಗೇನೂ ಆಗಲಿಲ್ಲ. ಡ್ರೈವರ್ ಇಳಿದು ಬಂದು, “ಕಣ್ಣು ಕಾಣಲ್ವೇನಮ್ಮಾ?” ಎಂದ. “ಇಲ್ಲಪ್ಪ” ಎಂದೆ. ಇದ್ದದ್ದನ್ನೇ ಹೇಳಿದೆ, ಪಾಪ, ಅವನು ಅತ್ತುಬಿಟ್ಟ.

ಅಂದಿನಿಂದ ಟೈಲರ್ ಬೆಳಿಗ್ಗೆ ಸಂಜೆ ಅಂಗಡಿ ಮುಚ್ಚಿ ನನ್ನ ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಕಣ್ಣು ಹೋದಾಗ ನನ್ನ ಕೈ ಯಾರೂ ಹಿಡಿಯಬೇಕಾಗಿರಲಿಲ್ಲ. ಹೀಗೆ ಎಷ್ಟು ದಿನ? ನಾನು ಕೆಲಸ ಬಿಟ್ಟರೆ ಅವರ ಅಂಗಡಿ ಉಳಿಯುತ್ತದೆ.

ನೀನು ಅಷ್ಟು ಸಂತೋಷದಿಂದ ಬರೆದಿದ್ದೀ. ಅವರ ಮೊದಲ ಬಸ್ಸು. ಹೇಳಲು ಮನಸ್ಸು ಬರುವುದಿಲ್ಲ. ಆದರೆ ಅದೇ ಗೇಟಿನಿಂದ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ದಿನಾ ಹೊರಗೆ ಬರುತ್ತಾರೆ. ಅವರನ್ನು ದಾಟಿಸು ಎಂದು ಗೇಟಿನವನಿಗೆ ಹೇಳಿಟ್ಟಿದ್ದೇನೆ. ಹಳೆಯ ಬಸ್ಸು ಮತ್ತೆ ಬೇಡ, ಈ ಗಾಳಿ ಬೇಕು. ಬಸ್ಸು ಬರುತ್ತಿದೆಯೋ, ಹೋಗುತ್ತಿದೆಯೋ, ನಿಂತಿದೆಯೋ, ಅಷ್ಟು ತಿಳಿದರೆ ಸಾಕು. ಅಷ್ಟನ್ನು ಹೇಗೆ ಹೇಳುವುದು ಎಂದು ನೀನೇ ಯೋಚಿಸು. ಅಮ್ಮ.’

ಇದು ನಿನ್ನ ಪತ್ರ. ವಿಶೇಷವೇನೂ ಇರಲಿಲ್ಲ ಎಂದು ಬರೆದೆಯಲ್ಲ ಅಮ್ಮ.

ನಾನು ಏನು ಯೋಚಿಸಿದೆ ಎಂದರೆ, ಸ್ಕೂಲಿನ ಮುಂದಿನ ರಸ್ತೆ. ಬೇರೆ ಮಕ್ಕಳ ಅಮ್ಮಂದಿರು ಆ ಕಡೆ ಈ ಕಡೆ ನೋಡಿ ದಾಟಿಸುತ್ತಿದ್ದರು. ನೀನು ನನ್ನ ಮಣಿಕಟ್ಟು ಹಿಡಿದು ತಲೆ ಸ್ವಲ್ಪ ಬಗ್ಗಿಸಿ ನಿಲ್ಲುತ್ತಿದ್ದೆ. ‘ಲಾರಿ, ಖಾಲಿ ಲಾರಿ. ಇರು. ಈಗ ನಡಿ’ ಎನ್ನುತ್ತಿದ್ದೆ. ನನಗೆ ಕಾಣುವ ಮೊದಲೇ ನಿನಗೆ ಕೇಳಿಸುತ್ತಿತ್ತು. ನನ್ನನ್ನು ದಾಟಿಸಿದವಳು ನೀನು. ಸದ್ದೇ ಇಲ್ಲದ ಬಸ್ಸು ಬರುತ್ತದೆಂದು ಸೌಟು ಹಿಡಿದು ಕುಣಿದವಳು ನಾನು. ಊರಲ್ಲಿ ಯಾರು ಮರೆತರೂ ನಾನು ಮರೆಯಬಾರದಿತ್ತು. ನೀನು ಯಾವತ್ತೂ ಯಾರಿಗೂ ಹೊರೆಯಾಗದೆ ನಡೆದೆ, ಅದಕ್ಕೇ ನೀನು ಹೇಗೆ ನಡೆಯುತ್ತೀ ಎಂಬುದೇ ನನಗೆ ಮರೆತುಹೋಗಿತ್ತು.

ತೋರಿಸಬೇಡ ಎಂದಿದ್ದೆ. ತೋರಿಸಿದೆ. ಇವರು ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಓದಿದರು. ಬೆರಳಿಗೆಲ್ಲ ಪೆನ್ಸಿಲ್ ಪುಡಿ. ಆಮೇಲೆ ಒಂದೇ ಮಾತು: ‘ಆ ಪೆಟ್ಟಿಗೆ ಆರಿಸಿದ್ದು ಈ ಕೈಯೇ.’ ಆಫೀಸಿನವರು ಹೇಳಿದ್ದಲ್ಲವೇ ಎಂದೆ. ‘ಅವರು ಕೇಳಿದರು. ನನಗೂ ಅದೇ ಬೇಕಿತ್ತು’ ಎಂದರು.

ಮರುದಿನ ನನ್ನನ್ನೂ ವರ್ಕ್‌ಶಾಪಿಗೆ ಕರೆದುಕೊಂಡು ಹೋದರು. ಹಿಂದಿನ ಅಂಗಳದಲ್ಲಿ ಸುಣ್ಣದಿಂದ ಗೆರೆ ಎಳೆದು, ನನ್ನ ಸ್ಕಾರ್ಫನ್ನೇ ತಮ್ಮ ಕಣ್ಣಿಗೆ ಕಟ್ಟಿಕೊಂಡು ಗೆರೆಯ ಈಚೆ ನಿಂತರು. ಬಸ್ಸು ಹನ್ನೊಂದು ಸಲ ಬಂತು. ಕೇಳಿಸಿತೆಂದು ಇವರು ಕೈ ಎತ್ತಿದ್ದು ಎರಡೇ ಸಲ. ವರ್ಕ್‌ಶಾಪಿಗೇ ಕಿವಿ ಎನಿಸಿಕೊಂಡವರು, ಅಮ್ಮ. ಆಮೇಲೆ ನಾನು ನಿಂತೆ. ನಾನು ಕೈ ಎತ್ತಲೇ ಇಲ್ಲ. ಬಸ್ಸು ಪಕ್ಕದಲ್ಲಿ ಹೋದಾಗ ಗಾಳಿ ಕೆನ್ನೆಗೆ ತಾಗಿತು. ಗೆರೆಯ ಈಚೆ ಇದ್ದೇನೆಂದು ಗೊತ್ತಿದ್ದರೂ ಹಿಂದಕ್ಕೆ ಹಾರಿದೆ. ನೀನು ಗೆರೆಯ ಆಚೆ ಇದ್ದೆ.

ಅಂದೇ ಇವರು ದೊಡ್ಡ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದರು. ಅವರು ರೇಗಿದರು. ಒಪ್ಪಿಸಿಕೊಟ್ಟ ಬಸ್ಸಿನಲ್ಲಿ ತಪ್ಪಿದೆ ಎಂದು ನಾವೇ ಬರೆದುಕೊಡುವುದೇ, ಉಳಿದ ನಾಲ್ಕು ಊರಿನವರು ಏನೆಂದುಕೊಳ್ಳುತ್ತಾರೆ ಎಂದರಂತೆ. ಇವರು ಹಾಳೆಯನ್ನು ಮೇಜಿನ ಮೇಲೆ ಇಟ್ಟರಂತೆ. ಸಾಹೇಬರಿಗೂ ಪೆನ್ಸಿಲ್ ಪುಡಿ ಹತ್ತಿತು. ಕೊನೆಗೆ, ‘ಆರಿಸಿದವನೇ ಹೋಗಿ ಹಚ್ಚಿ ಬಾ’ ಎಂದು ಕಾಗದಕ್ಕೆ ಸಹಿ ಹಾಕಿದರು. ಬೆನ್ನು ತಟ್ಟಿದ್ದನ್ನು ಹಿಂದಕ್ಕೆ ತಗೊಂಡಿದ್ದಾರೆ, ಪ್ರಮೋಷನ್ನಿನ ಮಾತು ಎತ್ತುವ ಹಾಗಿಲ್ಲ. ಉಳಿದ ನಾಲ್ಕು ಊರಿನ ಬಸ್ಸುಗಳು ಪೆಟ್ಟಿಗೆ ಹಚ್ಚಿಕೊಂಡೇ ಹೋಗುತ್ತವೆ. ಬಸ್ ಆಫೀಸಿನವರೂ ಒಪ್ಪಿದ್ದಾರೆ, ರೋಗಿಗಳ ನಿದ್ದೆ ಕೆಡದಷ್ಟು ಮೆಲ್ಲಗಿರಬೇಕು ಎಂಬ ಒಂದು ಷರತ್ತಿನ ಮೇಲೆ. ನಾವು ಬರುವವರೆಗೆ ಗೇಟಿನ ಮುಂದೆ ಪ್ರತಿ ಬಸ್ಸೂ ಪೂರ್ತಿ ನಿಂತು, ಕಂಡಕ್ಟರ್ ಇಳಿದು ನೋಡಿದ ಮೇಲೆಯೇ ಹೊರಡಬೇಕು ಎಂದು ಹೇಳಿದ್ದಾರೆ.

ಹಳೆಯ ಗುಂಯ್ ಸಾಲದು ಎನ್ನುತ್ತಾರೆ ಇವರು. ಅದು ಬಸ್ಸು ಇದೆ ಎಂದು ಹೇಳುತ್ತದೆಯೇ ಹೊರತು ಬರುತ್ತಿದೆಯೋ ಹೋಗುತ್ತಿದೆಯೋ ಹೇಳುವುದಿಲ್ಲ. ಒಂದು ವಾರದಿಂದ ಮನೆಯಲ್ಲಿ ಸದ್ದು ತಯಾರಾಗುತ್ತಿದೆ. ಸದ್ದು ಅಡಗಿಸುವವರ ಮನೆ ಈಗ ಹೇಗಿದೆ ನೀನು ಕೇಳಬೇಕು. ಒಂದು ಸದ್ದು ಹಸಿದ ಹೊಟ್ಟೆಯ ಹಾಗಿದೆ. ಒಂದು ನಮ್ಮ ನೀರಿನ ಪಂಪಿನ ಹಾಗಿದೆ, ಅದು ಬಂದಾಗ ಮೇಲಿನ ಮನೆಯ ಅಜ್ಜಿ ನೀರು ಬಂತೆಂದು ಬಿಂದಿಗೆ ಇಡುತ್ತಾರೆ. ಇನ್ನೊಂದು ಬಹಳ ಮುದ್ದಾಗಿದೆ, ನನಗೆ ಇಷ್ಟ, ಆದರೆ ಹಾಡಿನ ಹಾಗಿದ್ದರೆ ಜನ ಕೇಳುತ್ತಾ ನಿಲ್ಲುತ್ತಾರೆ, ದಾರಿ ಬಿಡುವುದಿಲ್ಲ ಎಂದು ಇವರು ತೆಗೆದುಹಾಕಿದರು. ಕೊನೆಗೆ ಮೂರು ಉಳಿದಿವೆ. ಅದರಲ್ಲಿ ಒಂದನ್ನು ಆಯ್ದುಕೊಳ್ಳುವುದು ನಾವಲ್ಲ. ಅತ್ತೆಯವರು ಗೇಟಿನ ಮುಂದೆ ರಸ್ತೆಗೆ ಬೆನ್ನು ಹಾಕಿ ನಿಂತು ಬರುತ್ತಿದೆ, ಹೋಗುತ್ತಿದೆ, ನಿಂತಿದೆ ಎಂದು ತಪ್ಪದೆ ಹೇಳಬೇಕು, ಯಾವುದಕ್ಕೆ ಒಮ್ಮೆಯೂ ತಪ್ಪುವುದಿಲ್ಲವೋ ಅದನ್ನೇ ಆರೂ ಬಸ್ಸಿಗೆ ಹಾಕುತ್ತೇನೆ ಎಂದಿದ್ದಾರೆ. ನಿನ್ನ ಮುಂದೆ ಬಂದು ನಿಲ್ಲಲು ಅವರಿಗೆ ಹೆದರಿಕೆ. ಏನು ಹೇಳಲಿ ಎಂದು ನನ್ನನ್ನು ಕೇಳುತ್ತಾರೆ. ಏನೂ ಹೇಳಬೇಡಿ, ಅಮ್ಮ ನಿಮ್ಮ ಹೆಜ್ಜೆ ಕೇಳಿಯೇ ತಿಳಿದುಕೊಳ್ಳುತ್ತಾರೆ ಎಂದೆ. ಅದರಿಂದ ಅವರ ಹೆದರಿಕೆ ಇನ್ನೂ ಹೆಚ್ಚಾಗಿದೆ.

ಆ ಕಾಗದಕ್ಕೆ ಸಹಿ ಮಾಡಬೇಡ ಅಮ್ಮ. ಆಮೇಲೂ ನಿನಗೆ ಸಾಕೆನ್ನಿಸಿದರೆ ಮಾಡು, ನಾನು ಮಾತಾಡುವುದಿಲ್ಲ. ಆದರೆ ಮೊದಲು ಒಂದು ಸಲ ನೀನೊಬ್ಬಳೇ ಆ ರಸ್ತೆ ದಾಟಬೇಕು. ದಾಟಿದ ಮೇಲೆ ಯೋಚಿಸು.

ಟೈಲರ್ ಮಾಮ, ರಫು ಹೊಗಳಿಕೊಳ್ಳದಿದ್ದರೆ ನಾನು ಇನ್ನೂ ಬಾಗಿಲಿನ ಚಿಲಕವನ್ನೇ ಬೈಯುತ್ತಿದ್ದೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಲಿ. ಅಮ್ಮನ ಕೈ ಇನ್ನು ಹತ್ತು ದಿನ ಬಿಡಬೇಡಿ. ಆಮೇಲೆ ಬಿಡಿ.

ಹೊಸ ಕೋಲು ನಾನು ತರುತ್ತಿದ್ದೇನೆ. ಸೆಪ್ಟೆಂಬರ್ ಆರು, ಶನಿವಾರ, ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬರುವ ಪ್ಯಾಸೆಂಜರ್ ಗಾಡಿ, ಎಂಜಿನ್ನಿನಿಂದ ಮೂರನೇ ಡಬ್ಬಿ.

ನಿನ್ನ ಗಿಣಿ